ಅಪರಿಚಿತ ಕುದುರೆಗಾಗಿ ಕಟ್ಟುವ ತಡೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನಿರುವ ಕೆಲವರು ಹುಲ್ಲುಗಾವಲಿನ ನಡುವೆಯೇ ಕುದುರೆಗಳಿಗೆ ಕ್ರಾಸ್‌ಕಂಟ್ರಿ ಹಾದಿ ಮಾಡಿಕೊಂಡಿರುತ್ತಾರೆ. ಅಡ್ಡ ಹಾಕಿದ ಮರದ ದಿಮ್ಮಿ, ಒಂದು ಕಂದಕ, ನೀರಿಗೆ ಇಳಿಯುವ ಒಂದು ದಾರಿ, ದಿಬ್ಬದ ಮೇಲೊಂದು ಬೇಲಿ. ಸುತ್ತಮುತ್ತಲಿನ ಸವಾರರು ಬಂದು ಅಭ್ಯಾಸ ಮಾಡಿಕೊಂಡು ಹೋಗುತ್ತಾರೆ. ಬರುವ ಕುದುರೆಗಳಲ್ಲಿ ಯಾವುದು ನೀರಿಗೆ ಬೆದರುತ್ತದೆ, ಯಾವ ಹುಡುಗಿ ಲಗಾಮನ್ನು ಬಿಗಿ ಹಿಡಿಯುತ್ತಾಳೆ ಎಂಬುದೆಲ್ಲ ಯಜಮಾನನಿಗೆ ಗೊತ್ತು. ರಾತ್ರಿ ಮಳೆಯಾಗಿದ್ದರೆ, ಇವತ್ತು ಕಂದಕದ ಕಡೆ ಬೇಡ ಎಂದು ಅವನೇ ಹೇಳುತ್ತಾನೆ. ಆ ಹಾದಿಯನ್ನು ಕಾಯುತ್ತಿರುವುದು ಅವನ ಕಣ್ಣು.

ಅಂಥವನು ಒಂದು ದಿನ, ಕ್ರಾಸ್‌ಕಂಟ್ರಿಯೂ ಸೇರಿರುವ ಈವೆಂಟಿಂಗ್ ಆಟವನ್ನು ನೋಡಿಕೊಳ್ಳುವ ಬ್ರಿಟಿಷ್ ಈವೆಂಟಿಂಗ್ ಸಂಸ್ಥೆಯ ಮಾನ್ಯತೆ ಪಡೆದು ಸ್ಪರ್ಧೆ ನಡೆಸಬೇಕೆಂದು ಹೊರಡುತ್ತಾನೆ ಎನ್ನಿ. ಎಷ್ಟೋ ಮೈಲಿ ದೂರದಿಂದ ಕುದುರೆ ಸಾಗಿಸುವ ಲಾರಿಗಳಲ್ಲಿ ಬಂದಿಳಿಯುವ ಸವಾರರ ಪರಿಚಯ ಅವನಿಗಿರುವುದಿಲ್ಲ. ಹಾಗಾದರೆ ಇಷ್ಟು ದಿನ ಅವನ ಕಣ್ಣಿನಲ್ಲಿದ್ದ ಕಾಳಜಿ ಇನ್ನು ಎಲ್ಲಿರಬೇಕು? ಮರದಲ್ಲಿ, ಮೊಳೆಯಲ್ಲಿ, ಮಣ್ಣಿನಲ್ಲಿ, ಲಿಖಿತ ನಿಯಮದಲ್ಲಿ. ಮನೆಯವರಷ್ಟೇ ನೀರು ಸೇದುವಾಗ ಬಾವಿಗೆ ಕಟ್ಟೆಯಿಲ್ಲದೆಯೂ ನಡೆದೀತು. ಊರಿನವರಿಗೆ ಬಾವಿ ಬಿಟ್ಟುಕೊಟ್ಟ ದಿನ ಕಟ್ಟೆ ಕಟ್ಟಲೇಬೇಕು. ಹಾದಿಯನ್ನು ಮೇಲ್ದರ್ಜೆಗೇರಿಸುವುದೆಂದರೆ ತಡೆಗಳನ್ನು ಇನ್ನಷ್ಟು ಎತ್ತರಿಸಿ ಕಠಿಣ ಮಾಡುವುದು ಎಂದು ಹೊರಗಿನವರಿಗೆ ತೋರುತ್ತದೆ. ನನಗೆ ಅದರ ತಿರುಳು ಕಾಣುವುದು ಈ ವರ್ಗಾವಣೆಯಲ್ಲಿ: ಒಬ್ಬ ಮನುಷ್ಯನ ಒಳ್ಳೆಯತನ ಅವನಿಲ್ಲದ ಕಡೆಯಲ್ಲೂ ಕೆಲಸ ಮಾಡುವಂತೆ ರೂಪ ಪಡೆಯುವುದರಲ್ಲಿ.

ಎತ್ತರಕ್ಕೇನೋ ಲೆಕ್ಕವಿದೆ. ಆರಂಭದವರಿಗೆ 80 ಸೆಂಟಿಮೀಟರ್, ಆಮೇಲೆ 90, ಮತ್ತೆ ಒಂದು ಮೀಟರ್. ಅದರ ಮೇಲಿನ ನಾವಿಸ್ ದರ್ಜೆಗೆ 1.10 ಮೀಟರ್. ಆ ದರ್ಜೆಯಲ್ಲಿ ನಿಮಿಷಕ್ಕೆ 520 ಮೀಟರ್, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಇದು ಯಾರಾದರೂ ಅಳತೆಪಟ್ಟಿ ಹಿಡಿದು ಮಾಡಬಹುದಾದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಸ್ಪರ್ಧೆಗೆ ಮುಂಚೆ ಸವಾರರು ಇಡೀ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿಕೊಳ್ಳುತ್ತಾರೆ. ಎಲ್ಲಿ ತಿರುಗಬೇಕು, ಎಲ್ಲಿ ನಿಧಾನಿಸಬೇಕು ಎಂದು ಹೆಜ್ಜೆಯಲ್ಲೇ ಅಳೆಯುತ್ತಾರೆ. ಕುದುರೆಗೆ ಮಾತ್ರ ಈ ಅವಕಾಶವಿಲ್ಲ. ಅದು ಪ್ರತಿಯೊಂದು ತಡೆಯನ್ನೂ ಮೊದಲ ಬಾರಿ ನೋಡುವುದು ಓಡುತ್ತಲೇ. ಈ ಆಟ ಸೈನ್ಯದಿಂದ ಬಂದದ್ದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಇದರಲ್ಲಿ ಸ್ಪರ್ಧಿಸಿದವರು ಸೇನಾಧಿಕಾರಿಗಳು. ಕಾಣದ ನೆಲವನ್ನು ಸವಾರನ ಮಾತಿನ ಮೇಲೆ ದಾಟುವ ಕುದುರೆ ಅವರಿಗೆ ಬೇಕಿತ್ತು.

ಹಾಗಾಗಿ ಹಾದಿ ಕಟ್ಟುವವನು ಕುದುರೆಯ ಕಣ್ಣಿನಿಂದ ನೋಡುವುದನ್ನು ಕಲಿಯಬೇಕಾಗುತ್ತದೆ. ಅದರ ಕಣ್ಣುಗಳು ಮುಖದ ಎರಡು ಪಕ್ಕಗಳಲ್ಲಿವೆ. ಸುತ್ತಲಿನದೆಲ್ಲ ಕಂಡರೂ ಹಣೆಯ ನೇರಕ್ಕೆ, ಮೂಗಿನ ಬುಡದಲ್ಲಿ ಇರುವುದು ಕಾಣದು. ನೀಲಿ, ಹಳದಿ ಅದಕ್ಕೆ ತಿಳಿಯುತ್ತವೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ನಮಗೆ ಕಂಡಂತೆ ಕಾಣುವುದಿಲ್ಲ. ಬಿಸಿಲಿನಿಂದ ನೆರಳಿಗೆ ಹೊಕ್ಕರೆ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಹೊತ್ತು ಬೇಕು. ಅದಕ್ಕೇ ಮರಗಳ ನೆರಳಿನ ಅಂಚಿನಲ್ಲಿ ಇಡುವ ತಡೆಯ ಬಗ್ಗೆ ಅಷ್ಟೊಂದು ಯೋಚನೆ. ಬೇಲಿಯ ಬುಡಕ್ಕೆ, ಸ್ವಲ್ಪ ಮುಂದಕ್ಕೆ, ಒಂದು ದಿಮ್ಮಿ ಇಟ್ಟರೆ ಎಲ್ಲಿಂದ ಕಾಲೆತ್ತಬೇಕೆಂದು ಕುದುರೆಗೆ ಅಂದಾಜು ಸಿಗುತ್ತದೆ. ಪ್ರೇಕ್ಷಕರ ಗಮನಕ್ಕೇ ಬಾರದ ಆ ದಿಮ್ಮಿಯಷ್ಟು ಸೌಜನ್ಯದ ವಸ್ತು ಇಡೀ ಮೈದಾನದಲ್ಲಿ ಮತ್ತೊಂದಿಲ್ಲ ಎಂದು ನನ್ನ ಭಾವನೆ. ನಿನ್ನನ್ನು ಪರೀಕ್ಷಿಸುತ್ತೇನೆ, ಆದರೆ ಮೋಸ ಮಾಡುವುದಿಲ್ಲ ಎಂಬ ಮಾತು ಅದರಲ್ಲಿದೆ.

ಈ ಮಾತು ಸುಲಭಕ್ಕೆ ಬಂದದ್ದಲ್ಲ. 1999ರ ಒಂದೇ ಋತುವಿನಲ್ಲಿ ಬ್ರಿಟನ್ನಿನಲ್ಲಿ ಐವರು ಸವಾರರು ಸತ್ತರು. ಕ್ರಾಸ್‌ಕಂಟ್ರಿಯ ತಡೆಗಳು ಅಲುಗದಂತೆ ನಿಂತಿರುವುದು ಈ ಆಟದ ಸ್ವಭಾವ. ಕುದುರೆಯ ಮುಂಗಾಲಿನ ಮೇಲ್ಭಾಗ ಅಂಥ ತೊಲೆಗೆ ತಗುಲಿದರೆ ಅದರ ದೇಹ ಮುಂದಕ್ಕೆ ಪಲ್ಟಿಯಾಗಬಹುದು. ಅರ್ಧ ಟನ್ ತೂಕ ಸವಾರನ ಮೇಲೆ ಬೀಳಬಹುದು. ಲಾರ್ಡ್ ಹಾರ್ಟಿಂಗ್‌ಟನ್ ನೇತೃತ್ವದ ಸಮಿತಿ 2000ದಲ್ಲಿ ವರದಿ ಕೊಟ್ಟು, ಕುದುರೆ ಬೀಳದಂತೆ ತಡೆಯುವುದೇ ಮೊದಲ ಕೆಲಸವೆಂದಿತು. ಮುಂದಿನ ವರ್ಷಗಳಲ್ಲಿ ತೊಲೆಯನ್ನು ಹಿಡಿದಿಡುವ ಲೋಹದ ಪಿನ್‌ಗಳು ಬಂದವು. ಮಿತಿಮೀರಿದ ಭಾರ ಬಿದ್ದರೆ ಪಿನ್ ಮುರಿದು ತೊಲೆ ಕೆಳಗಿಳಿಯುತ್ತದೆ. ಆಮೇಲೆ ಅದೇ ಕೆಲಸಕ್ಕೆ ಸ್ವೀಡನ್‌ನಲ್ಲಿ ರೂಪುಗೊಂಡ ಎಂಐಎಂ ಕ್ಲಿಪ್‌ಗಳು ಬಂದವು. ಎಷ್ಟು ಹೊತ್ತು ಗಟ್ಟಿಯಾಗಿರಬೇಕು, ಯಾವಾಗ ಸೋಲಬೇಕು ಎರಡೂ ಗೊತ್ತಿರುವ ತಡೆ ಅದು. ಸತ್ತವರಿಗೆ ತೋರಬಹುದಾದ ಗೌರವ ಇದಕ್ಕಿಂತ ದೊಡ್ಡದು ನನಗೆ ಹೊಳೆಯುತ್ತಿಲ್ಲ.

ಆದರೂ ಒಂದು ಕಾಳಜಿ ಇನ್ನೊಂದು ಕಡೆ ಚುಚ್ಚಬಹುದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಮೊದಲ ಹಂತವಾದ ಡ್ರೆಸಾಜ್ ಮುಗಿದಾಗ ಮುಂದಿದ್ದ ಜರ್ಮನಿಯ ಮೈಕೆಲ್ ಯುಂಗ್ ಅವರ ಕುದುರೆಯ ಹಿಂಗಾಲು ಒಂದು ತಡೆಗೆ ಮೆಲ್ಲಗೆ ತಾಗಿತು. ಕ್ಲಿಪ್ ಬಿಚ್ಚಿಕೊಂಡಿತು. ನಿಯಮದಂತೆ 11 ದಂಡಾಂಕ, ಯುಂಗ್ ಎಂಟನೆಯವರಾದರು. ಜೀವ ಉಳಿಸಲು ಇಟ್ಟ ಸಾಧನ ಬಿಚ್ಚಿಕೊಂಡದ್ದಕ್ಕೆ ದಂಡ ಹಾಕುವುದು ಸರಿಯೇ ಎಂಬ ವಾದವಿದೆ. ದಂಡ ಇಲ್ಲದಿದ್ದರೆ ಸವಾರರು ತಡೆಯನ್ನು ಹಗುರವಾಗಿ ನೋಡಿಯಾರು ಎಂಬ ಭಯ ನ್ಯಾಯವಾದದ್ದೇ. ಹೀಗಿದ್ದೂ ಮೆಲುವಾದ ಸ್ಪರ್ಶಕ್ಕೂ ಅಪಾಯದ ಅಪ್ಪಳಿಕೆಗೂ ಒಂದೇ ಅಂಕ ಎಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ಯಜಮಾನನ ಕಣ್ಣು ಆ ಎರಡನ್ನೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕಾಳಜಿಯನ್ನು ನಿಯಮಕ್ಕೆ ಒಪ್ಪಿಸಿದಾಗ ಕಳೆದುಹೋಗುವುದು ಇಂಥದ್ದೇ.

ನಿಯಮದ ಹಿಡಿತಕ್ಕೆ ಪೂರ್ತಿ ಸಿಗದ್ದು ನೆಲ. ನೀರಿನ ತಡೆಗೆ ಗಟ್ಟಿ ತಳ ಹಾಕಬಹುದು, ಆಳ 35 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬಹುದು. ಕುದುರೆ ಕಾಲೂರುವ ಜಾಗಕ್ಕೆ ಕಲ್ಲುಪುಡಿ ತುಂಬಬಹುದು, ಬಿರುಸಾದ ಹುಲ್ಲುನೆಲಕ್ಕೆ ಯಂತ್ರದಿಂದ ತೂತು ಕೊರೆದು ಗಾಳಿಯಾಡಿಸಬಹುದು. ಆದರೆ ಹಳೆಯ ಹುಲ್ಲಿನ ಬೇರು ಹೆಣೆದ ಮೆತ್ತನೆಯ ಹಾಸನ್ನು ಒಂದು ವರ್ಷದಲ್ಲಿ ಯಾರೂ ಕೊಂಡು ತರಲಾರರು. 1949ರಲ್ಲಿ ಡ್ಯೂಕ್ ಆಫ್ ಬ್ಯೂಫೋರ್ಟ್ ತಮ್ಮ ಬ್ಯಾಡ್ಮಿಂಟನ್ ಎಸ್ಟೇಟನ್ನು ಸ್ಪರ್ಧೆಗೆ ತೆರೆದಾಗ ಅವರು ಕೊಟ್ಟದ್ದು ಮುಖ್ಯವಾಗಿ ಅಂಥ ನೆಲವನ್ನೇ.

ನಿಯಮ ಕುದುರೆಗೂ ಒಂದು ಮಾತು ಬಿಟ್ಟುಕೊಟ್ಟಿದೆ. ತಡೆಯ ಮುಂದೆ ಅದು ನಿಂತುಬಿಡಬಹುದು. ಮೊದಲ ಸಲಕ್ಕೆ 20 ದಂಡಾಂಕ, ಅದೇ ತಡೆಯಲ್ಲಿ ಮತ್ತೊಮ್ಮೆ ನಿಂತರೆ 40. ಸವಾರರು ಇದನ್ನು ಸೋಲೆಂದು ಬರೆದುಕೊಳ್ಳುತ್ತಾರೆ. ಹಾದಿ ಕಟ್ಟಿದವನು ಮಾತ್ರ ಬೇರೆ ಪುಸ್ತಕ ಇಡಬೇಕು. ಒಳ್ಳೆಯ ಕುದುರೆಗಳು ಒಂದೇ ಕಡೆ ಮತ್ತೆ ಮತ್ತೆ ನಿಂತರೆ, ಅವು ಸವಾರನಿಗಿಂತ ಹೆಚ್ಚಾಗಿ ಅವನಿಗೇ ಏನೋ ಹೇಳುತ್ತಿವೆ. ಸ್ಪರ್ಧೆ ಮುಗಿದ ಮೇಲೆ ಪ್ರತಿ ತಡೆಯ ಪಕ್ಕ ದಿನವಿಡೀ ಕೂತು ಗುರುತು ಹಾಕಿಕೊಂಡ ಸ್ವಯಂಸೇವಕರ ಚೀಟಿಗಳನ್ನು ಅವನು ತರಿಸಿಕೊಂಡು ಓದಲಿ, ಮುಂದಿನ ವರ್ಷದ ಹಾದಿಯನ್ನು ಅಲ್ಲಿಂದ ಶುರುಮಾಡಲಿ.