ಗೆಲ್ಲುವ ಕಣವನ್ನು ಯಾವಾಗ ಬಿಡಬೇಕು?

ಮಂಡ್ಯದ ವಿ.ಸಿ. ಫಾರಂ ಎಂದರೆ ಸುತ್ತಲಿನ ರೈತರಿಗೆ ಬೀಜದ ಊರು. ಕನ್ನಂಬಾಡಿಯಿಂದ ಹರಿದು ಬರುವ ವಿಶ್ವೇಶ್ವರಯ್ಯ ನಾಲೆಯ ಹೆಸರನ್ನೇ ಹೊತ್ತ ಈ ಸಂಶೋಧನಾ ಕೇಂದ್ರ ಶುರುವಾದದ್ದು 1930ರ ದಶಕದಲ್ಲಿ. ಆಗ ಆ ನಾಲೆಯನ್ನು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದರು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಇಲ್ಲಿಯೇ. ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತ 1996ರಲ್ಲಿ ರೈತರ ಗದ್ದೆಗೆ ಹೋದದ್ದೂ ಇಲ್ಲಿಂದಲೇ.

ಒಂದು ಹೊಸ ಭತ್ತದ ತಳಿ ಇಲ್ಲಿಂದ ಹೊರಗೆ ಹೋಗುವುದು ಅಷ್ಟು ಸುಲಭವಲ್ಲ. ಮೊದಲು ಅದು ಕೇಂದ್ರದ ಪುಟ್ಟ ತಾಕುಗಳಲ್ಲಿ ತನ್ನ ಜೊತೆಯ ತಳಿಗಳನ್ನು ಹಿಂದೆ ಹಾಕಬೇಕು. ಆಮೇಲೆ, 1965ರಲ್ಲಿ ಆರಂಭವಾದ ಅಖಿಲ ಭಾರತ ಭತ್ತ ಸುಧಾರಣಾ ಯೋಜನೆಯ ಅಡಿಯಲ್ಲಿ, ಬೇರೆ ಬೇರೆ ರಾಜ್ಯಗಳ ಮಣ್ಣಿನಲ್ಲಿ ಪ್ರಾರಂಭಿಕ ಪರೀಕ್ಷೆ. ಅದರಲ್ಲಿ ಗೆದ್ದರೆ ಮುಂದುವರಿದ ಪರೀಕ್ಷೆ, ಅದೂ ಎರಡು ಹಂತಗಳಲ್ಲಿ. ಪ್ರತಿ ಹಂತದಲ್ಲೂ ಪಕ್ಕದ ತಾಕಿನಲ್ಲಿ ಈಗಾಗಲೇ ಹೆಸರು ಮಾಡಿದ ತಳಿಯೊಂದನ್ನು ಹೋಲಿಕೆಗೆಂದು ನೆಟ್ಟಿರುತ್ತಾರೆ. ಮಂಡ್ಯದ ನೀರಿನಲ್ಲಿ ತೊನೆದಾಡಿದ ಪೈರು ಇನ್ನೊಂದು ಸೀಮೆಯ ರೋಗಕ್ಕೆ ಸಿಕ್ಕಿ ಮಕಾಡೆ ಮಲಗಬಹುದು. ಆದರೂ ಅದನ್ನು ಕಳಿಸಲೇಬೇಕು. ಗೆದ್ದ ತಾಕಿನಲ್ಲೇ ಮತ್ತೆ ಮತ್ತೆ ಬೆಳೆದು ತೋರಿಸಿದರೆ ಅದು ಯಾವ ರೈತನ ಹೊಟ್ಟೆಯನ್ನೂ ತುಂಬುವುದಿಲ್ಲ.

ಭತ್ತಕ್ಕೆ ಈ ವಿಷಯದಲ್ಲಿ ಆಯ್ಕೆ ಇಲ್ಲ. ನಮ್ಮ ರಾಸುಗಳಿಗೂ ಇಲ್ಲ. ಪಾಂಡವಪುರ ತಾಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಯಂಥ ಕಡೆಗಳಲ್ಲಿ ಹಳ್ಳಿಕಾರ್ ಜೋಡಿಗಳಿಗೆ ಬಹುಮಾನ ಕೊಡುವಾಗ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ವಿಂಗಡಿಸುತ್ತಾರೆ. ತಿಳಿದವರು ಬಾಯಿ ಬಿಡಿಸಿ ಹಲ್ಲು ಎಣಿಸಿಬಿಟ್ಟರೆ ಮುಗಿಯಿತು. ನಾಲ್ಕು ಹಲ್ಲಿನ ಹೋರಿ ತಾನಿನ್ನೂ ಹಾಲುಹಲ್ಲಿನದು ಎಂದು ಸುಳ್ಳು ಹೇಳಲಾರದು. ಮನುಷ್ಯ ಹೇಳಬಲ್ಲ. ಹೇಳುತ್ತಾನೆ ಕೂಡ. ಕಿರಿಯರ ತಂಡದಲ್ಲಿ ಆಡಲು ಜನನ ಪತ್ರವನ್ನೇ ತಿದ್ದಿಸುವವರ ಕಾಟ ತಡೆಯಲಾರದೆ ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯಸ್ಸಿನ ವಂಚನೆಯ ವಿರುದ್ಧ ಒಂದು ಸಂಹಿತೆಯನ್ನೇ ತರಬೇಕಾಯಿತು.

ಆದರೆ ನಾನಿಲ್ಲಿ ಚರ್ಚಿಸಬಯಸುವುದು ಕಳ್ಳ ದಾಖಲೆಯ ಪ್ರಶ್ನೆಯನ್ನಲ್ಲ. ಅದು ತಪ್ಪು ಎಂಬುದರಲ್ಲಿ ವಾದವಿಲ್ಲ. ಯಾವ ನಿಯಮವನ್ನೂ ಮುರಿಯದೆ, ತಾನು ಸುಲಭವಾಗಿ ಗೆಲ್ಲುವ ಕಣದಲ್ಲೇ ಉಳಿದುಬಿಡುವವನ ಪ್ರಶ್ನೆ ಅದಕ್ಕಿಂತ ಸೂಕ್ಷ್ಮವಾದದ್ದು. ಅವನು ಮಾಡುತ್ತಿರುವುದು ಸರಿಯೇ?

ಯುರೋಪ್ ಮತ್ತು ಅಮೆರಿಕದಲ್ಲಿ ಸೈಕ್ಲೋಕ್ರಾಸ್ ಎಂಬ ಪಂದ್ಯವೊಂದಿದೆ. ನಮ್ಮ ನಾಟಿ ಗದ್ದೆಯಲ್ಲಿ ಸೈಕಲ್ ಓಡಿಸಿದರೆ ಹೇಗಿರುತ್ತದೋ ಸುಮಾರಾಗಿ ಹಾಗೆಯೇ. ಮಳೆ, ಚಳಿಯ ತಿಂಗಳುಗಳಲ್ಲಿ ಕೆಸರು, ಮರಳು, ಹುಲ್ಲುಗಾವಲುಗಳ ಒಂದು ಚಿಕ್ಕ ಸುತ್ತನ್ನು ಮತ್ತೆ ಮತ್ತೆ ಸುತ್ತಬೇಕು. ದಾರಿಯಲ್ಲಿ ಹಲಗೆಯ ಅಡ್ಡಗಳೂ ಮೆಟ್ಟಿಲುಗಳೂ ಇರುತ್ತವೆ. ಅಲ್ಲಿ ಇಳಿದು, ಸೈಕಲನ್ನು ಹೆಗಲಿಗೇರಿಸಿ ಓಡಿ, ಮತ್ತೆ ಹಾರಿ ಕೂರಬೇಕು. ಫ್ರಾನ್ಸಿನಲ್ಲಿ ಹುಟ್ಟಿದ ಈ ಪಂದ್ಯದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸ್‌ನಲ್ಲಿ. ಅಮೆರಿಕದಲ್ಲಿ ಹವ್ಯಾಸಿಗಳಿಗೆ ಅಂಕಿಯ ವರ್ಗಗಳಿವೆ. ಅಂಕಿ ಕಡಿಮೆಯಾದಷ್ಟೂ ವರ್ಗ ಮೇಲಿನದು. ಹೊಸಬರ ಪಂದ್ಯ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿದರೆ ಮೇಲಿನವರದು ಸುಮಾರು ಒಂದು ಗಂಟೆ. ಗೆದ್ದಂತೆಲ್ಲ ಅಂಕಗಳು ಸೇರುತ್ತವೆ. ಇಷ್ಟು ಅಂಕವಾದರೆ ಮೇಲಕ್ಕೆ ಹೋಗಬಹುದು ಎಂಬ ಗೆರೆಯೊಂದು, ಇಷ್ಟಾದ ಮೇಲೆ ಹೋಗಲೇಬೇಕು ಎಂಬ ಗೆರೆ ಇನ್ನೊಂದು. ಈ ಎರಡು ಗೆರೆಗಳ ನಡುವಿನ ಜಾಗವೇ ಮನುಷ್ಯನ ಆತ್ಮಸಾಕ್ಷಿಯ ಜಾಗ. ಅಲ್ಲಿ ಬೇಕೆಂದೇ ಕೂತು ಹೊಸಬರನ್ನು ಸೋಲಿಸಿ ಬಹುಮಾನ ಒಯ್ಯುವವರಿಗೆ ಅಲ್ಲಿಯ ಜನ ಸ್ಯಾಂಡ್‌ಬ್ಯಾಗರ್ ಎಂಬ ಬೈಗುಳದಂಥ ಹೆಸರನ್ನಿಟ್ಟಿದ್ದಾರೆ.

ಅವನ ತಪ್ಪಾದರೂ ಏನು? ಅವನು ಕದ್ದಿಲ್ಲ, ಮದ್ದು ನುಂಗಿಲ್ಲ, ಬೆವರು ಸುರಿಸಿಯೇ ಗೆದ್ದಿದ್ದಾನೆ. ನನಗನ್ನಿಸುವಂತೆ ವರ್ಗ ಎಂಬುದು ಬರೀ ಅನುಕೂಲಕ್ಕೆ ಮಾಡಿದ ವಿಂಗಡಣೆಯಲ್ಲ. ಅದು ಓಡುವವರು ಪರಸ್ಪರ ಮಾಡಿಕೊಂಡ ಒಂದು ಮಾತು. ನಾನೂ ಸೋಲಬಹುದು, ನೀನೂ ಸೋಲಬಹುದು ಎಂಬ ಮಾತು. ಫಲಿತಾಂಶ ಮೊದಲೇ ಗೊತ್ತಿರುವವನು ಕಣಕ್ಕಿಳಿದಾಗ ಆ ಮಾತು ಮುರಿಯುತ್ತದೆ. ಉಳಿದವರು ಪಂದ್ಯ ಆಡುತ್ತಿರುತ್ತಾರೆ, ಅವನು ವಸೂಲಿ ಮಾಡುತ್ತಿರುತ್ತಾನೆ.

ಓಟದಲ್ಲಿ ವರ್ಗಗಳನ್ನು ಮಾಡುವುದು ಇಂದಿನ ಆಲೋಚನೆಯೂ ಅಲ್ಲ, ಪಶ್ಚಿಮದ ಕೊಡುಗೆಯೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಮದೀನದಲ್ಲಿ ಏರ್ಪಡಿಸಿದ ಕುದುರೆ ಓಟದ ವರದಿ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ತರಬೇತಿ ಕೊಟ್ಟು ಹುರಿಗೊಳಿಸಿದ ಕುದುರೆಗಳನ್ನು ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಓಡಿಸಲಾಯಿತು. ತರಬೇತಿ ಇಲ್ಲದ ಕುದುರೆಗಳಿಗೆ ಸನಿಯ್ಯದಿಂದ ಬನೂ ಝುರೈಕ್‌ರ ಮಸೀದಿಯವರೆಗೆ ಬೇರೆಯೇ ಓಟ. ಮೊದಲನೆಯದು ಐದಾರು ಮೈಲಿ, ಎರಡನೆಯದು ಒಂದೇ ಮೈಲಿ ಎಂದು ವರದಿಗಾರರೊಬ್ಬರು ವಿವರಿಸಿದ್ದಾರೆ. ಸ್ವತಃ ಅಬ್ದುಲ್ಲಾ ಬಿನ್ ಉಮರ್(ರ)ರವರೂ ಸ್ಪರ್ಧಿಸಿದ್ದರು. ಹೊಸ ಕುದುರೆಯನ್ನು ಪಳಗಿದ ಕುದುರೆಯ ಪಕ್ಕ ನಿಲ್ಲಿಸಿ ನಗೆಪಾಟಲು ಮಾಡಲಿಲ್ಲ. ಅದರ ಶಕ್ತಿಗೆ ತಕ್ಕ ದೂರವನ್ನು ಅಳೆದು ಕೊಟ್ಟರು. ಆದರೆ ತರಬೇತಿ ಇಲ್ಲದ ಕುದುರೆ ಎಂದೆಂದಿಗೂ ಆ ಒಂದು ಮೈಲಿಯ ಕುದುರೆಯಾಗಿಯೇ ಇರಬೇಕೆಂದು ಅದರ ಅರ್ಥವಲ್ಲವಷ್ಟೆ.

ಇನ್ನೊಂದು ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಅದರ ಪ್ರಾಮಾಣ್ಯದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ ಫಿಕ್ಹ್‌ನ ಪಂಡಿತರು ಅದನ್ನು ದೀರ್ಘವಾಗಿ ಚರ್ಚಿಸಿದ್ದಾರೆ. ಇಬ್ಬರು ಪಣವಿಟ್ಟು ಓಡಿಸುವ ಕುದುರೆಗಳ ನಡುವೆ ಮೂರನೆಯವನು ತನ್ನ ಕುದುರೆಯನ್ನು ಇಳಿಸುವಾಗ, ಅದು ಗೆಲ್ಲುವುದೆಂಬ ಖಾತ್ರಿ ಇಲ್ಲದಿದ್ದರೆ ಅದು ಜೂಜಲ್ಲ, ಖಾತ್ರಿ ಇದ್ದರೆ ಜೂಜು ಎಂಬುದು ಅದರ ತಾತ್ಪರ್ಯ. ಜೂಜು ಎಂದರೆ ಅನಿಶ್ಚಿತ ಎಂದು ತಿಳಿದ ನಮಗೆ ಇದು ತಿರುವುಮುರುವಾಗಿ ಕಾಣುತ್ತದೆ. ಆದರೆ ಸ್ವಲ್ಪ ಯೋಚಿಸಿದರೆ ಇದರ ನ್ಯಾಯ ತಿಳಿಯುತ್ತದೆ. ಸೋಲುವ ಸಾಧ್ಯತೆಯನ್ನು ಹೊತ್ತು ಬಂದವನು ಮಾತ್ರ ಸ್ಪರ್ಧಿ. ಗೆಲುವನ್ನು ಜೇಬಿನಲ್ಲಿಟ್ಟುಕೊಂಡು ಬಂದವನು ಇತರರ ಹಣಕ್ಕೆ ಕೈ ಹಾಕಿದವನು.

ಇಷ್ಟು ಹೇಳಿ ಮುಗಿಸಿದರೆ ಮಾತು ಸುಲಭವಾಯಿತು. ಆದರೆ ಬದುಕು ಅಷ್ಟು ಸುಲಭವಲ್ಲ. ಫಾರಂ ಕಡೆಯ ಹಳ್ಳಿಯೊಂದರ ಹುಡುಗನನ್ನು ನಾನು ಬಲ್ಲೆ. ತಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ದುಡಿಯುವವರು. ಹಬ್ಬ, ರಾಜ್ಯೋತ್ಸವಗಳಿಗೆ ಊರೂರುಗಳಲ್ಲಿ ನಡೆಯುವ ಸೈಕಲ್ ಓಟದಲ್ಲಿ, ಗೇರ್ ಇಲ್ಲದ ಸಾಮಾನ್ಯ ಸೈಕಲ್‌ನ ವಿಭಾಗದಲ್ಲಿ ಅವನನ್ನು ಹಿಂದೆ ಹಾಕಿದವರನ್ನು ನಾನು ಕಾಣೆ. ಒಮ್ಮೆ ಟಗರು, ಒಮ್ಮೆ ಕುಕ್ಕರ್, ಒಮ್ಮೆ ಒಂದಿಷ್ಟು ನಗದು. ಗೇರ್ ಸೈಕಲ್‌ನವರ ಜೊತೆ ಯಾಕೆ ಓಡಬಾರದು ಎಂದು ಕೇಳಿದ್ದಕ್ಕೆ ಅವನು ಹೇಳಿದ: "ಅಲ್ಗೋದ್ರೆ ಕಡೆಗ್ ಬತ್ತೀನಿ ಸಾ. ಇಲ್ಲಾದ್ರೆ ಮನ್ಗೆ ಏನಾರ ತಕಂಡೋಯ್ತೀನಿ."

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಒಳ್ಳೆಯ ಗೇರ್ ಸೈಕಲ್‌ಗೆ ಕೊಡುವ ಹಣದಲ್ಲಿ ಅವನ ಮನೆ ಎಷ್ಟೋ ತಿಂಗಳು ನಡೆಯುತ್ತದೆ. ಮೇಲಿನ ವರ್ಗಕ್ಕೆ ಹೋಗಲು ಧೈರ್ಯ ಸಾಲದು, ದುಡ್ಡು ಬೇಕು. ಅವನನ್ನು ಹೇಡಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಅದೇ ಓಟಗಳಲ್ಲಿ ಇನ್ನೊಬ್ಬ ಹುಡುಗನಿದ್ದ, ಇವನಿಗಿಂತ ಎರಡು ಮೂರು ವರ್ಷ ಚಿಕ್ಕವನು. ಯಾರದೋ ಸೈಕಲ್ ಎರವಲು ತಂದು ಓಡಿಸುತ್ತಿದ್ದ, ಮೂರು ಸಲ ಎರಡನೆಯವನಾದ. ನಾಲ್ಕನೆಯ ಸಲ ಅವನು ಬರಲಿಲ್ಲ. "ಅವ್ನು ಇರೋಗಂಟ ನಮ್ಗೆಲ್ಲೈತೆ" ಎಂದನಂತೆ. ಬಡವನೊಬ್ಬ ಸಿಂಹಾಸನದಲ್ಲಿ ಕೂತರೂ ಅದರ ಕೆಳಗೆ ನಿಂತವನು ಇನ್ನೊಬ್ಬ ಬಡವನೇ ಆಗಿರುತ್ತಾನೆ ಎಂಬುದನ್ನು ನಾವು ಮರೆಯುತ್ತೇವೆ.

ಹಾಗಾದರೆ ಎಲ್ಲರೂ ಸದಾ ಮೇಲೇರುತ್ತಲೇ ಇರಬೇಕೇ? ಅದೂ ಅಲ್ಲ. 2020ರ ಫೆಬ್ರವರಿಯಲ್ಲಿ ಕರಾವಳಿಯ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕೆಸರು ಗದ್ದೆಯನ್ನು ಕೋಣಗಳ ಹಿಂದೆ 13.62 ಸೆಕೆಂಡುಗಳಲ್ಲಿ ಓಡಿದರು. ಲೆಕ್ಕ ಹಾಕಿದವರು 100 ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ದಾಖಲೆ 9.58. ದೇಶವೆಲ್ಲ ಸಂಭ್ರಮಿಸಿತು, ಆಗಿನ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ನಯವಾಗಿ ಒಲ್ಲೆನೆಂದರು. ಕಂಬಳದಲ್ಲಿ ಹಿಮ್ಮಡಿಯ ಬಲ, ಟ್ರ್ಯಾಕಿನಲ್ಲಿ ಕಾಲ್ಬೆರಳ ಬಲ, ಎರಡೂ ಬೇರೆ ಎಂಬುದು ಅವರ ವಿವರಣೆಯಾಗಿತ್ತು. ಕಂಬಳದಲ್ಲಿ ಕೋಣಗಳ ವೇಗವೂ ಸೇರಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ನಮಗೆ ಮರೆತಿತ್ತು. ಕೆಲವರು ಅವಕಾಶ ಕಳೆದುಕೊಂಡನೆಂದು ಹಳಿದರು. ನನಗೆ ಹಾಗನ್ನಿಸುವುದಿಲ್ಲ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳಿವೆ, ನೇಗಿಲು ಮತ್ತು ಹಗ್ಗದಲ್ಲಿ ಕಿರಿಯ, ಹಿರಿಯ ಎಂಬ ಹಂತಗಳಿವೆ. ಅಲ್ಲಿ ಅವರು ಎಳೆಯರ ಬಹುಮಾನ ಕಸಿಯುತ್ತಿರಲಿಲ್ಲ, ತಮ್ಮ ಕಲೆಯ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. ಅವರು ನಿರಾಕರಿಸಿದ್ದು ಮೇಲಿನ ವರ್ಗವನ್ನಲ್ಲ, ಬೇರೊಂದು ಆಟವನ್ನು. ಸಂತೃಪ್ತಿಗೂ ಸೋಮಾರಿತನಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಕಾಣಬಹುದು. ನಮ್ಮ ತೃಪ್ತಿಯ ಬೆಲೆಯನ್ನು ಬೇರೊಬ್ಬ ಕಟ್ಟುತ್ತಿಲ್ಲವಾದರೆ ಅದು ಸಂತೃಪ್ತಿ.

ಈ ಅಳತೆಗೋಲನ್ನು ಕಣದಿಂದ ಹೊರಗೆ ತಂದು ನೋಡೋಣ. 1992ರ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಎತ್ತಿಹಿಡಿಯುತ್ತಲೇ ಕೆನೆಪದರವನ್ನು ಹೊರಗಿಡಬೇಕೆಂದಿತು. ಮೇಲೆ ಬಂದವನು ಕೆಳಗಿನವನ ಸರದಿಯಲ್ಲಿ ನಿಲ್ಲಬಾರದೆಂಬುದೇ ಅದರ ತರ್ಕ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಬಗ್ಗೆ ಜಗಳ ಇರಬಹುದು, ಇದೆ. ಒಂದು ತಲೆಮಾರಿನ ಸಂಬಳದಿಂದ ಶತಮಾನಗಳ ಹಿಂದುಳಿಯುವಿಕೆ ಅಳಿಸಿಹೋಗುವುದಿಲ್ಲ ಎಂಬ ವಾದದಲ್ಲೂ ಹುರುಳಿದೆ. ಆದರೆ ಎಲ್ಲೋ ಒಂದು ಗೆರೆ ಇರಬೇಕೆಂಬುದನ್ನು ಅಲ್ಲಗಳೆಯಲಾಗದು.

ನಮ್ಮ ಮನೆಗಳಲ್ಲಿ ಇಂಥದೊಂದು ಗೆರೆ ಯಾವ ಕೋರ್ಟಿಗಿಂತಲೂ ಮೊದಲಿನಿಂದ ಇದೆ. ಅದು ಝಕಾತಿನ ನಿಸಾಬ್. 7.5 ತೊಲ ಬಂಗಾರ ಅಥವಾ 52.5 ತೊಲ ಬೆಳ್ಳಿ ಎಂದು ನಮ್ಮ ಹಿರಿಯರು ಲೆಕ್ಕ ಹೇಳುತ್ತಿದ್ದರು. ಅಷ್ಟಕ್ಕೆ ಒಡೆಯನಾದವನು ಪಡೆಯುವವರ ಸಾಲಿನಿಂದ ಎದ್ದು ಕೊಡುವವರ ಸಾಲಿಗೆ ಬರಬೇಕು. ಮೇಲಿನ ವರ್ಗಕ್ಕೆ ಕಡ್ಡಾಯ ಬಡ್ತಿ ಎಂದರೆ ಇದೇ. ಆದರೆ ಇಲ್ಲಿ ಬಾಯಿ ಬಿಡಿಸಿ ಹಲ್ಲು ಎಣಿಸಲು ಯಾರೂ ಬರುವುದಿಲ್ಲ. ಪೆಟ್ಟಿಗೆಯೊಳಗೆ ಏನಿದೆಯೆಂಬುದು ಪೆಟ್ಟಿಗೆಯವನಿಗೂ ಅಲ್ಲಾಹನಿಗೂ ಮಾತ್ರ ಗೊತ್ತು. ಮನೆಗೆ ಎರಡು ಅಂತಸ್ತು ಏರಿದ ಮೇಲೂ ಮಗನ ಫೀಸಿಗೆಂದು ಬಡವರ ವಿದ್ಯಾರ್ಥಿವೇತನದ ಅರ್ಜಿ ತುಂಬುವವರನ್ನು ನಾವೆಲ್ಲ ನೋಡಿದ್ದೇವೆ. ಅವರ ಮಗ ಕದಿಯುವುದು ಸಂಘದ ಹಣವನ್ನಲ್ಲ. ಆ ಅರ್ಜಿಯ ಹಿಂದೆ ನಿಂತಿದ್ದ ಬೀಡಿ ಕಟ್ಟುವವಳ ಮಗಳ ಒಂದು ವರ್ಷವನ್ನು.

ಮೇಲೆ ಹೋದವನಿಗೆ ಸಿಗುವುದೇನು ಎಂಬ ಪ್ರಶ್ನೆ ಉಳಿಯಿತು. ಬಹುತೇಕ ಸೋಲೇ. ಉರ್ದು ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂತು, ಕನ್ನಡ ಶಾಲೆಗೆ ಸೇರಿದ ಮೇಲೆ ಒತ್ತಕ್ಷರಗಳ ಮುಂದೆ ಕೊನೆಯ ಬೆಂಚಿಗೆ ಸರಿದ ನನ್ನಂಥವರಿಗೆ ಅದರ ರುಚಿ ಗೊತ್ತು. ಆದರೆ ಮೊದಲ ಬೆಂಚಿನಲ್ಲಿ ನಾನು ಕಲಿತದ್ದು ನಾನು ಜಾಣ ಎಂಬುದನ್ನು ಮಾತ್ರ. ಕನ್ನಡವನ್ನು ಕಲಿತದ್ದು ಕೊನೆಯ ಬೆಂಚಿನಲ್ಲಿ.

ಪ್ರವಾದಿ(ಸ)ರ ಬಳಿ ಅದ್‌ಬಾ ಎಂಬ ಒಂಟೆಯಿತ್ತು. ಓಟದಲ್ಲಿ ಅದನ್ನು ಸೋಲಿಸಿದವರಿರಲಿಲ್ಲ. ಒಂದು ದಿನ ಒಬ್ಬ ಹಳ್ಳಿಗ ಅರಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದೆ ಹಾಕಿದ. ಸಂಗಡಿಗರಿಗೆ ಬಹಳ ಬೇಸರವಾಯಿತು. ಈ ಲೋಕದಲ್ಲಿ ಮೇಲೇರಿದ್ದನ್ನು ಇಳಿಸುವುದು ಅಲ್ಲಾಹನ ಕ್ರಮ ಎಂಬ ಅರ್ಥದ ಮಾತಿನಿಂದ ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರು. ಆ ಹಳ್ಳಿಗನಿಗೆ ಓಡಲು ಅವಕಾಶ ಸಿಕ್ಕಿತ್ತು ಎಂಬುದು ಈ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುತ್ತದೆ. ನಿನ್ನ ಎಳೆಯ ಒಂಟೆಗೆ ಇದು ತಕ್ಕ ಕಣವಲ್ಲ ಎಂದು ಅವನನ್ನು ಯಾರೂ ತಡೆಯಲಿಲ್ಲ.

ಆದ್ದರಿಂದ ಜವಾಬ್ದಾರಿ ಓಡುವವನದು ಮಾತ್ರವಲ್ಲ, ಓಡಿಸುವವರದೂ ಹೌದು. ನಮ್ಮ ಊರುಗಳಲ್ಲಿ ಪಂದ್ಯ ನಡೆಸುವ ಯುವಕ ಸಂಘಗಳು ಒಂದು ಕೆಲಸ ಮಾಡಬಹುದು. ಎರಡು ಸಲ ಗೆದ್ದವನಿಗೆ ಮೂರನೆಯ ಸಲ ಟಗರು ಕೊಡುವ ಬದಲು, ಊರವರೆಲ್ಲ ಸೇರಿ ಒಂದು ಗೇರ್ ಸೈಕಲನ್ನು ಆ ದಿನದ ಮಟ್ಟಿಗಾದರೂ ಒದಗಿಸಿ ಮೇಲಿನ ವಿಭಾಗದಲ್ಲಿ ನಿಲ್ಲಿಸಬಹುದು. ಅವನು ಕೊನೆಗೆ ಬಂದರೂ ಬರಲಿ. ಭತ್ತದ ತಳಿಯನ್ನು ಪರೀಕ್ಷೆಗೆ ಕಳಿಸುವವರು ಅದಕ್ಕೆ ಬೇಕಾದ ನೀರು, ಗೊಬ್ಬರದ ಖರ್ಚನ್ನು ಆ ಬೀಜದ ತಲೆಗೆ ಕಟ್ಟುವುದಿಲ್ಲ. ನಮ್ಮ ಮಕ್ಕಳನ್ನು ಮೇಲಕ್ಕೆ ಹೋಗು ಎನ್ನುವ ಮುನ್ನ ನಾವೂ ಅಷ್ಟನ್ನು ಹೊಂದಿಸಿಕೊಡೋಣ. ಆಗ ಎರವಲು ಸೈಕಲ್‌ನ ಆ ಚಿಕ್ಕ ಹುಡುಗ ಮುಂದಿನ ಹಬ್ಬಕ್ಕೆ ಮತ್ತೆ ಬಂದರೂ ಬರಬಹುದು.