ಮರೆಯಲ್ಲಿದ್ದು ಹೊಡೆಯುವದು ನ್ಯಾಯವೋ?

ಅಮೇರಿಕಾ ದೇಶದವರು ತಮ್ಮ ಹಳೇ ಗುಪ್ತ ವಿಮಾನಗಳ ಬದಲಾಗಿ ಹೊಸವುಗಳನ್ನು ಮಾಡಿಸಿಕೊಳ್ಳುತ್ತಿದ್ದಾರೆಂಬ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆ ವಿಮಾನಗಳು ನಮ್ಮ ಹಳ್ಳಿಗಳಿಗೆ ಬಹುದೂರ. ಅವುಗಳಿಂದ ಹುಟ್ಟುವ ಪ್ರಶ್ನೆಯು ಹಾಗಲ್ಲ. ಎದುರಾಳಿಗೆ ಕಾಣಿಸಿಕೊಳ್ಳದೆ ಅವನನ್ನು ಹೊಡೆಯುವದು ದೇವರ ಮುಂದೆ ನ್ಯಾಯವೋ?

ಹಳೇ ವಿಮಾನದ ಹೆಸರು ಬಿ-೨. ಅದು ೧೯೮೯ನೆಯ ಜುಲೈ ತಿಂಗಳಲ್ಲಿ ಮೊದಲು ಹಾರಿತು. ಅದಕ್ಕೆ ಬಾಲವಿಲ್ಲ, ಇಡೀ ಮೈ ಒಂದೇ ರೆಕ್ಕೆ. ರೇಡಾರ್ ಎಂಬ ಯಂತ್ರವು ಆಕಾಶಕ್ಕೆ ಕಳುಹಿಸುವ ಅಲೆಗಳು ವಿಮಾನಕ್ಕೆ ತಗಲಿ ಹಿಂದಿರುಗಿದರೆ ಶತ್ರುವಿನ ಬರುವಿಕೆ ತಿಳಿಯುತ್ತದೆ. ಈ ವಿಮಾನದ ಆಕಾರವು ಆ ಅಲೆಗಳನ್ನು ಓರೆಯಾಗಿ ಬೇರೆ ಕಡೆಗೆ ಎಸೆಯುತ್ತದೆ, ಮೈಮೇಲಿನ ಲೇಪವು ಉಳಿದವುಗಳಲ್ಲಿ ಕೆಲವನ್ನು ನುಂಗುತ್ತದೆ. ೧೩೨ ವಿಮಾನಗಳನ್ನು ಮಾಡಬೇಕೆಂದಿದ್ದವರು ೨೧ಕ್ಕೆ ನಿಲ್ಲಿಸಿದರು. ಎಲ್ಲಾ ಖರ್ಚನ್ನು ಕೂಡಿಸಿದರೆ ಒಂದೊಂದಕ್ಕೆ ಇನ್ನೂರು ಕೋಟಿ ಡಾಲರಿಗಿಂತ ಹೆಚ್ಚು ಬಿತ್ತು. ಅದಕ್ಕೆ ಅವರಿಟ್ಟ ಹೆಸರು ಸ್ಪಿರಿಟ್, ಅಂದರೆ ಆತ್ಮ. ಇಂಥ ಯಂತ್ರಕ್ಕೆ ಈ ಹೆಸರು ನಮ್ಮ ಕಿವಿಗೆ ಸರಿಬೀಳದು. ಈಗ ಅವು ಹಳತಾದವು, ಸಂಖ್ಯೆಯೂ ಕಡಿಮೆ, ದುರಸ್ತಿಯ ಖರ್ಚೋ ಬಹಳ. ಆದಕಾರಣ ಬಿ-೨೧ ಎಂಬ ಹೊಸದು ಸಿದ್ಧವಾಗಿ ೨೦೨೩ನೆಯ ನವೆಂಬರಿನಲ್ಲಿ ಮೊದಲು ಹಾರಿತು. ಕಡಿಮೆಯೆಂದರೆ ನೂರು ಬೇಕೆಂದು ಅವರ ಎಣಿಕೆ.

ಏಬಾಲ್ ಬೆಟ್ಟದ ಮೇಲೆ ಸಾರಬೇಕಾದ ಶಾಪಗಳಲ್ಲಿ, ನೆರೆಯವನನ್ನು ಗುಟ್ಟಾಗಿ ಹೊಡೆಯುವವನ ಮೇಲೆಯೂ ಒಂದುಂಟು. ಇದೇ ಸಾಕು, ಈ ವಿಮಾನಗಳೆಲ್ಲಾ ಶಾಪಗ್ರಸ್ತವಾದವುಗಳೆಂದು ಒಬ್ಬನು ಹೇಳಬಹುದು. ಆದರೆ ಆಯಿ ಪಟ್ಟಣದ ಹಿಂದೆ ಹೊಂಚುಹಾಕೆಂದು ಯೆಹೋಶುವನಿಗೆ ಅಪ್ಪಣೆಕೊಟ್ಟವನು ಆ ದೇವರೇ ಅಲ್ಲವೋ? ಇದಲ್ಲದೆ ಮರೆಯು ಜೀವಗಳನ್ನು ಉಳಿಸುವದೂ ಉಂಟು. ೨೦೨೫ನೆಯ ಜೂನ್ ತಿಂಗಳಲ್ಲಿ ಏಳು ಬಿ-೨ಗಳು ಮಿಸ್ಸೂರಿ ಸಂಸ್ಥಾನದಿಂದ ಇರಾನಿನ ವರೆಗೆ ಹೋಗಿ ಬಾಂಬು ಹಾಕಿದಾಗ, ಅವುಗಳಲ್ಲಿದ್ದ ಹದಿನಾಲ್ಕು ಮಂದಿಯೂ ಕ್ಷೇಮವಾಗಿ ಹಿಂದಿರುಗಿದರು. ಅವರಿಗೂ ತಾಯಂದಿರಿದ್ದಾರೆ. (ಕ್ರೈಸ್ತನು ಆಯುಧವನ್ನು ಹಿಡಿಯಬಹುದೋ ಬಾರದೋ ಎಂಬ ಹಳೇ ವಾದವನ್ನು ಇಲ್ಲಿ ಎತ್ತುವದಿಲ್ಲ.)

ಹಾಗಾದರೆ ಶಾಪವು ಯಾರ ಮೇಲೆ? ರಾತ್ರಿಯಲ್ಲಿ ನೆರೆಯವನ ಬಣವೆಗೆ ಬೆಂಕಿಯಿಟ್ಟು ಬೆಳಿಗ್ಗೆ ಎಲ್ಲರ ಸಂಗಡ ನೀರು ಹೊರುವವನನ್ನು ನೆನಸಿರಿ. ಅವನು ನೆರೆಯವನಿಗೆ ಮಾತ್ರವಲ್ಲ, ಪಂಚರಿಗೂ ಮರೆಯಾಗುತ್ತಾನೆ. ದಾವೀದನು ಊರೀಯನ ಕೈಯಲ್ಲಿಯೇ ಅವನ ಮರಣದ ಪತ್ರವನ್ನು ಕಳುಹಿಸಿದ್ದು ಇಂಥ ಮರೆಯೇ. ಆಯಿಯಲ್ಲಿ ಹೊಂಚುಹಾಕಿದವರು ಶತ್ರುವಿಗೆ ಮಾತ್ರ ಮರೆಯಾಗಿದ್ದರು; ಆ ಕಾರ್ಯ ಯಾರದೆಂಬದು ಇಸ್ರಾಯೇಲಿಗೆಲ್ಲಾ ತಿಳಿದಿತ್ತು. ಶತ್ರುವಿನ ಕಣ್ಣಿಗೆ ಮರೆಯಾಗುವದು ಒಂದು, ಲೆಕ್ಕಕೊಡುವದಕ್ಕೆ ಮರೆಯಾಗುವದು ಮತ್ತೊಂದು ಎಂಬದು ನಮ್ಮ ಅಭಿಪ್ರಾಯ.

೧೯೯೯ನೆಯ ಮೇ ೭ನೆಯ ರಾತ್ರಿ ಬಿ-೨ ವಿಮಾನವೊಂದು ಬೆಲ್‌ಗ್ರೇಡ್ ಪಟ್ಟಣದಲ್ಲಿ ಚೀನಾ ದೇಶದ ರಾಯಭಾರಿ ಕಚೇರಿಯನ್ನು ಹೊಡೆಯಿತು. ಪತ್ರಿಕೆಗಳಿಗೆ ಬರೆಯುವ ಮೂವರು ಚೀನೀಯರು ಸತ್ತರು. ಬಾಂಬು ಗುರಿತಪ್ಪಿರಲಿಲ್ಲ, ಹೇಳಿದ ಸ್ಥಳಕ್ಕೇ ಬಿದ್ದಿತ್ತು. ಬೇರೆ ಕಟ್ಟಡವೆಂದೆಣಿಸಿ, ತಪ್ಪಾದ ಸ್ಥಳವನ್ನು ಗುರುತಿಸಿಕೊಟ್ಟವರು ದೂರದಲ್ಲಿ ಕಚೇರಿಯೊಳಗೆ ಕೂತಿದ್ದರು. ಅಮೇರಿಕಾದ ಅಧ್ಯಕ್ಷನು ಕ್ಷಮೆಕೇಳಿದನು. ಸತ್ತವರ ಮನೆಯವರಿಗೆ ಹಣ ಕೊಡಲ್ಪಟ್ಟಿತು. ೨೦೦೦ನೆಯ ಇಸವಿಯಲ್ಲಿ ಅವರ ಗೂಢಚಾರ ಇಲಾಖೆಯು ಒಬ್ಬನನ್ನು ಕೆಲಸದಿಂದ ತೆಗೆದು, ಆರು ಮಂದಿಯನ್ನು ಗದರಿಸಿತು. ಚೀನಾದವರು ಈ ವಿವರಣೆಯನ್ನು ಒಪ್ಪಲಿಲ್ಲ. ಮೂರು ಜೀವಗಳಿಗೆ ಇದು ಸಾಲುವ ಲೆಕ್ಕವೆಂದು ನಾವೂ ಹೇಳಲಾರೆವು. ಆದರೂ ಇಂಥವರು ತಪ್ಪಿದರೆಂದು ಕೇಳಿ ಹಿಡಿಯುವದಕ್ಕೆ ಆಯಿತು.

ಹಳೇ ವಿಮಾನದೊಳಗೆ ಇಬ್ಬರು ಕೂತುಕೊಳ್ಳುವರು. ಹೊಸದನ್ನಾದರೋ, ಬೇಕಾದರೆ ಒಳಗೆ ಒಬ್ಬನೂ ಇಲ್ಲದೆ ಹಾರಿಸಲಾಗುವಂತೆ ಯೋಚಿಸಿ ಕಟ್ಟುತ್ತಿದ್ದಾರೆ. ಆಗ ಹೊಡೆದವನು ಯಾರು, ಯಾರನ್ನು ಕೇಳಬೇಕು ಎಂದು ನಿಮ್ಮಲ್ಲಿ ಯಾರಾದರೂ ಅಂದಾರು. ಊರೀಯನಿಗೆ ಬಾಣ ತಗಲಿದ್ದು ಗೋಡೆಯ ಮೇಲಿಂದ. ಆದರೂ ನಾತಾನನು ಅಮ್ಮೋನಿಯರ ಬಿಲ್ಲುಗಾರರನ್ನು ಹುಡುಕಲಿಲ್ಲ, ಯೋವಾಬನ ಪಾಳೆಯಕ್ಕೂ ಹೋಗಲಿಲ್ಲ. ನೆಟ್ಟಗೆ ಅರಮನೆಗೆ ಹೋದನು.