ದೂರದಿಂದ ಬಂದ ಗುರು, ಊರಿನ ಭಾಷೆ

ವಿದ್ಯಾದಾನವೆಂಬ ಮಾತನ್ನು ನಾವು ಬಹು ಸುಲಭವಾಗಿ ಆಡುತ್ತೇವೆ. ದಾನವೆಂದೊಡನೆ ಕೊಡುವವರ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ಶಾಲೆಯಲ್ಲಿ ನಡೆಯುವುದು ಇಂಥ ದಾನವೋ, ಇಬ್ಬರೂ ಕೂಡಿ ಮಾಡುವ ಕಾಯಕವೋ? ಜಗತ್ತಿಗೆಲ್ಲ ವಿದ್ಯೆ ಮುಟ್ಟಬೇಕೆಂದು ದೂರದೇಶದಿಂದ ಬಂದವರು ತಾವು ನೆಲೆಸಿದ ಊರಿಗೆ ಏನನ್ನು ಸಲ್ಲಿಸಬೇಕು? ಈ ಪ್ರಶ್ನೆಯನ್ನು ಪರೀಕ್ಷಿಸಲು ಕ್ಯಾಥೋಲಿಕ್ ಶಿಕ್ಷಣ ಸಂಸ್ಥೆಗಳ ಇತಿಹಾಸ ಒಳ್ಳೆಯ ಸ್ಥಳ.

1878ರ ಕೊನೆಯಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಆರಂಭವಾಯಿತು. ಅವರಲ್ಲೊಬ್ಬರಾದ ಮಾಫೇ ಎಂಬ ಪಾದ್ರಿ ಅಲ್ಲಿಯ ಕ್ರೈಸ್ತರ ಮನೆಮಾತಾದ ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು. ಅವು ಅಚ್ಚಾದದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಬಾಸೆಲ್‌ನವರು ಪ್ರೊಟೆಸ್ಟೆಂಟರು, ಮಾಫೇ ಕ್ಯಾಥೋಲಿಕರು. ಯುರೋಪಿನಲ್ಲಿ ಈ ಎರಡು ಪಂಥಗಳ ನಡುವೆ ಹರಿದ ರಕ್ತ ಸಣ್ಣದಲ್ಲ. ನಮ್ಮ ಕರಾವಳಿಯ ಒಂದು ಭಾಷೆಯ ಕೆಲಸಕ್ಕಾಗಿ ಅವರು ಒಂದೇ ಅಚ್ಚುಕೂಟವನ್ನು ಹಂಚಿಕೊಂಡರು. ಸಹಯೋಗವೆಂಬುದಕ್ಕೆ ನಾನು ಮೊದಲು ನೆನೆಯುವುದು ಇದನ್ನೇ.

ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆಯನ್ನು 1882ರಲ್ಲಿ ಕಟ್ಟಿದವರು ಫ್ರಾನ್ಸಿನ ಪಾದ್ರಿಗಳು. 1937ರಲ್ಲಿ ಅವರು ಅದನ್ನು ಜೆಸುಯಿಟರಿಗೆ ಒಪ್ಪಿಸಿದರು. ಐವತ್ತೈದು ವರ್ಷ ಬೆಳೆಸಿದ್ದನ್ನು ಬೇರೆಯವರ ಕೈಗೆ ಕೊಡುವುದು ಕಟ್ಟುವುದಕ್ಕಿಂತ ಕಠಿಣ. ನಮ್ಮ ಸಂಘಸಂಸ್ಥೆಗಳಲ್ಲಿ ಅಧ್ಯಕ್ಷ ಪದವಿ ಕೈಬದಲಾಗುವಾಗಿನ ಗದ್ದಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲುಂಟು. ಊರಿನ ಮಾತನ್ನು ಕಲಿತು ಬಂದವರ ಶಾಲೆಗಳೇ ಕಾಲಕ್ರಮದಲ್ಲಿ ಇಂಗ್ಲಿಷಿನ ಹೆಬ್ಬಾಗಿಲುಗಳಾದವು. ತಪ್ಪು ಅವರೊಬ್ಬರದೇ ಎನ್ನಲಾಗದು. ಬಾಗಿಲ ಮುಂದೆ ಸಾಲುಗಟ್ಟಿ ನಿಂತವರು ನಾವೇ. ಜೆಸುಯಿಟ್ ಸಂಘದ ಅಂದಿನ ಮಹಾಗುರು ಪೆದ್ರೋ ಅರೂಪೆ 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳೆದುರು ನಿಂತು, ನಿಮ್ಮನ್ನು ನಾವು ನ್ಯಾಯಕ್ಕಾಗಿ ದುಡಿಯುವವರಾಗಿ ಬೆಳೆಸಿದೆವೇ ಎಂದು ಕೇಳಿ, ಇಲ್ಲವೆಂದು ತಾವೇ ಉತ್ತರಿಸಿದರು. ಕೇಳಿದವರಲ್ಲಿ ಅನೇಕರು ಸಿಟ್ಟಾದರೆಂದೂ ಪ್ರತೀತಿ. ಜಗತ್ತಿನ ತುಂಬ ಶಾಲೆಗಳಿರುವ ಸಂಘದ ಮುಖ್ಯಸ್ಥರು ಹಾಗೆ ಕೇಳಬಲ್ಲರಾದರೆ, ಒಂದು ತಾಲೂಕಿನ ಸಂಸ್ಥೆಯೂ ಕೇಳಿಕೊಳ್ಳಬಹುದು.

ಬಿಳೂರಿನ ಕನ್ನಡಿಗರಿಗೆ ಇದೆಲ್ಲ ಏಕೆ ಎನ್ನಬೇಡಿ. ನಮ್ಮ ಸಂವಿಧಾನದ 30ನೆಯ ವಿಧಿ ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದ ಎಲ್ಲರಿಗೂ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಒಂದೇ ವಾಕ್ಯದಲ್ಲಿ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು ಸುಪ್ರೀಂ ಕೋರ್ಟು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಬೆಂಗಳೂರಿನ ಕ್ಯಾಥೋಲಿಕರೂ ಜತ್ತ ತಾಲೂಕಿನ ಕನ್ನಡಿಗರೂ ಒಂದೇ ಆಸರೆಯ ಕೆಳಗಿದ್ದೇವೆ. ಇನ್ನೂ ಹಿಂದೆ, 1958ರಲ್ಲಿ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಅದೇ ನ್ಯಾಯಾಲಯ, ಹೊರಗಿನ ಮಕ್ಕಳನ್ನು ಸೇರಿಸಿಕೊಂಡ ಮಾತ್ರಕ್ಕೆ ಅಲ್ಪಸಂಖ್ಯಾತರ ಸಂಸ್ಥೆ ತನ್ನ ಸ್ವರೂಪ ಕಳೆದುಕೊಳ್ಳುವುದಿಲ್ಲವೆಂದಿತ್ತು. ಕ್ಯಾಥೋಲಿಕ್ ಶಾಲೆಗಳು ಈ ಅವಕಾಶವನ್ನು ಧಾರಾಳವಾಗಿ ಬಳಸಿದವು. ಅವುಗಳ ಎಷ್ಟೋ ತರಗತಿಗಳಲ್ಲಿ ಹಿಂದೂ, ಮುಸಲ್ಮಾನ ಮಕ್ಕಳೇ ಹೆಚ್ಚು. ಹಕ್ಕು ತಮ್ಮದು, ಹೊಸ್ತಿಲು ಎಲ್ಲರದು ಎಂಬಂತೆ ಅವು ನಡೆದುಕೊಂಡವು.

ಬೆಳಗಾವಿಯಲ್ಲಿ ಸಂತ ಪಾಲರ ಪ್ರೌಢಶಾಲೆ 1856ರಿಂದ ಇದೆ. ಅದೇ ಊರಿನಲ್ಲಿ 1916ರಲ್ಲಿ ಏಳು ಮಂದಿ ತರುಣ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ರೋಮಿನ ಹಿನ್ನೆಲೆಯಾಗಲಿ ದೊಡ್ಡ ಬೊಕ್ಕಸವಾಗಲಿ ಅವರಿಗಿರಲಿಲ್ಲ.

ನಮ್ಮ ಭಾಗದ ಕನ್ನಡ ಶಾಲೆ ಮುಗಿಸಿದ ಹುಡುಗಿ ಮುಂದಿನ ಓದಿಗೆ ಮರಾಠಿಯದೋ ಇಂಗ್ಲಿಷಿನದೋ ತರಗತಿ ಸೇರುತ್ತಾಳೆ. ಬೀಜಗಣಿತ ಅವಳಿಗೆ ತಿಳಿಯದಿರುವುದು ಬುದ್ಧಿ ಸಾಲದೆಯೋ, ಮಾತು ತಿಳಿಯದೆಯೋ ಎಂದು ವಿಚಾರಿಸುವ ಶಿಕ್ಷಕರು ಅಲ್ಲಿ ಬೇಕು. ಅವರು ಕನ್ನಡಿಗರೇ ಆಗಬೇಕಿಲ್ಲ. ಇಟಲಿಯಿಂದ ಬಂದವರು ಮಂಗಳೂರಿನಲ್ಲಿ ಕೊಂಕಣಿ ಕಲಿತರು. ಸಾಂಗಲಿಯಿಂದಲೋ ಮೀರಜಿನಿಂದಲೋ ಬರುವ ಶಿಕ್ಷಕರಿಗೆ ಒಂದು ವರ್ಷದಲ್ಲಿ ನಮ್ಮ ಮಾತನ್ನು ಕಲಿಸಿಕೊಡಲು ಈ ಸಂಘದಲ್ಲಿ ಎಷ್ಟು ಮನೆಗಳು ಸಿದ್ಧವಿವೆ?